ದಂಡಿನ ಅಡಿಯ ಕೆರೆ: ಬೆಂಗಳೂರಿನ ಕೇಂದ್ರ ವಾಣಿಜ್ಯ ವಲಯದ ಜನಪದ ಚರಿತ್ರೆ

1. ಪ್ರವೇಶ

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಲ್ಯಾವೆಲ್ ರಸ್ತೆ, ಕಸ್ತೂರಬಾ ರಸ್ತೆ ಹಾಗೂ ವಿಠಲ್ ಮಲ್ಯ ರಸ್ತೆಗಳನ್ನು ಒಳಗೊಂಡ ಪ್ರದೇಶವನ್ನು ನಗರ ಯೋಜನೆಯ ಪರಿಭಾಷೆಯಲ್ಲಿ ಕೇಂದ್ರ ವಾಣಿಜ್ಯ ವಲಯವೆಂದು ಕರೆಯಲಾಗುತ್ತದೆ. ಬ್ಯಾಂಕುಗಳು, ಕಂಪನಿಗಳ ಕಚೇರಿಗಳು, ತಾರಾ ಹೋಟೆಲುಗಳು ಹಾಗೂ ದುಬಾರಿ ಮಳಿಗೆಗಳು ಒತ್ತಾಗಿ ನೆರೆದಿರುವ ಈ ಭಾಗ ರಾಜ್ಯದ ಅತ್ಯಂತ ಬೆಲೆಬಾಳುವ ನೆಲಗಳಲ್ಲಿ ಒಂದು. 21ನೆಯ ಶತಮಾನದಲ್ಲಿ ಮಾಹಿತಿ ತಂತ್ರಜ್ಞಾನದ ಉದ್ದಿಮೆಗಳು ನಗರದ ಅಂಚಿಗೆ ಹರಡಿಕೊಂಡ ಮೇಲೂ ಇದರ ಸಿರಿವಂತಿಕೆಗೆ ಕುಂದು ಬಂದಿಲ್ಲ.

ಈ ಪ್ರದೇಶದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ 1809ರಿಂದ ತೊಡಗುತ್ತಾರೆ. ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ವರ್ಗಾವಣೆಗೊಂಡು ದಂಡು ಪ್ರದೇಶ ರೂಪುಗೊಂಡ ವರ್ಷವದು. ಆ ಬಳಿಕದ ಇಗರ್ಜಿಗಳು, ಬಂಗಲೆಗಳು, ಕವಾಯತು ಮೈದಾನ ಮತ್ತು ಉದ್ಯಾನಗಳ ವಿವರಗಳು ಸರ್ಕಾರಿ ಕಡತಗಳಲ್ಲಿಯೂ ಗೆಜೆಟಿಯರುಗಳಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಆದರೆ 1809ಕ್ಕೆ ಮುನ್ನ ಈ ನೆಲದಲ್ಲಿ ಏನಿತ್ತು, ಇಲ್ಲಿ ದುಡಿದವರು ಯಾರು ಎಂಬ ಪ್ರಶ್ನೆಗೆ ಆ ಬರಹಗಳಲ್ಲಿ ಸಿಗುವ ಉತ್ತರ ಬಹಳ ಕಡಿಮೆ. ಬರಿಯ ಬಯಲಿನ ಮೇಲೆ ನಗರವೊಂದು ಎದ್ದಿತೆಂಬ ಭಾವನೆಯನ್ನೇ ಅವು ಉಳಿಸುತ್ತವೆ.

ಜನಪದರ ಆಚರಣೆಗಳು ಹೇಳುವ ಚರಿತ್ರೆ ಬೇರೆ. ಪ್ರತಿವರ್ಷ ಚೈತ್ರಮಾಸದಲ್ಲಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಜನಸಮೂಹವೊಂದು ಈ ವಾಣಿಜ್ಯ ವಲಯದ ಅಂಚಿನಲ್ಲಿರುವ ಸಂಪಂಗಿ ಕೆರೆಗೆ ಬಂದು ಹಸಿ ಕರಗವನ್ನು ಪಡೆದು ಹಿಂದಿರುಗುತ್ತದೆ. ಕೆರೆ ಬಹುಮಟ್ಟಿಗೆ ಇಲ್ಲವಾಗಿದೆ. ಅದರ ಅಂಗಳದಲ್ಲಿ ಶ್ರೀ ಕಂಠೀರವ ಕ್ರೀಡಾಂಗಣ ನಿಂತಿದೆ. ಆದರೂ ಜನ ಬರುವುದು ಕೆರೆಗೇ. ನಕಾಶೆಯಿಂದ ಅಳಿದುಹೋದ ಕೆರೆಯೊಂದು ಆಚರಣೆಯಲ್ಲಿ ಉಳಿದುಕೊಂಡಿರುವ ಬಗೆ ಮತ್ತು ಈ ಉಳಿವಿಗೆ ಇರುವ ಚಾರಿತ್ರಿಕ ಅರ್ಥವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರಿನ ಚರಿತ್ರೆಯನ್ನು ಕುರಿತು ಫಜಲುಲ್ ಹಸನ್ ಅವರ 1970ರ ಕೃತಿ, ಕರಗ ಮತ್ತು ನಗರಸ್ಮೃತಿಯನ್ನು ಕುರಿತು ಸ್ಮೃತಿ ಶ್ರೀನಿವಾಸ್ ಅವರ 2001ರ ಅಧ್ಯಯನ, ನಗರದ ಬೆಳವಣಿಗೆಯ ರಾಜಕಾರಣವನ್ನು ಕುರಿತು ಜಾನಕಿ ನಾಯರ್ ಅವರ 2005ರ ಕೃತಿ, ಸಂಪಂಗಿ ಕೆರೆ ಕ್ರೀಡಾಂಗಣವಾದ ಬಗೆಯನ್ನು ಕುರಿತು ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ ಮತ್ತು ಹರಿಣಿ ನಾಗೇಂದ್ರ ಅವರು 2016ರಲ್ಲಿ ಪ್ರಕಟಿಸಿದ ಸಂಶೋಧನೆ ಈ ಕ್ಷೇತ್ರದ ಮುಖ್ಯ ಪೂರ್ವಾಧ್ಯಯನಗಳು. ಇವುಗಳಿಗೆ ಋಣಿಯಾಗಿದ್ದುಕೊಂಡೇ, ಸ್ಥಳನಾಮ, ಐತಿಹ್ಯ ಮತ್ತು ಆಚರಣೆ ಎಂಬ ಮೂರು ಜಾನಪದ ಆಕರಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

2. ದಂಡಿಗೆ ಮುನ್ನ

ದಂಡು ಪ್ರದೇಶ ಹಬ್ಬಿದ ನೆಲ ಜನವಸತಿಯಿಲ್ಲದ ಬಯಲಾಗಿರಲಿಲ್ಲ ಎಂಬುದಕ್ಕೆ ಶಾಸನಗಳ ಆಧಾರವೇ ಇದೆ. ಬೆಂಗಳೂರು ಎಂಬ ಹೆಸರು ಸುಮಾರು ಕ್ರಿ.ಶ. 890ರ ಬೇಗೂರಿನ ಗಂಗರ ಕಾಲದ ವೀರಗಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ನೀಡಿದುದರಿಂದ ಊರಿಗೆ ಈ ಹೆಸರು ಬಂದಿತೆಂಬ ಜನಪ್ರಿಯ ಐತಿಹ್ಯವನ್ನು ಈ ಶಾಸನ ಕಾಲದೃಷ್ಟಿಯಿಂದ ಅಲ್ಲಗಳೆಯುತ್ತದೆ. ವಾಣಿಜ್ಯ ವಲಯದ ಪೂರ್ವಕ್ಕಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಅವು ಈ ಊರನ್ನು ದೇಶಿಮಾಣಿಕ್ಕಪಟ್ಟಣವೆಂದು ಕರೆಯುತ್ತವೆ. ದೇಶಿ ಎಂಬ ಪದ ವರ್ತಕ ಸಮುದಾಯಗಳೊಡನೆ ಬೆಸೆದುಕೊಂಡಿರುವುದನ್ನು ನೆನೆದರೆ, ಈ ಭಾಗದಲ್ಲಿ ವ್ಯಾಪಾರವೂ ತಮಿಳು ನುಡಿಯೂ ಬ್ರಿಟಿಷರೊಡನೆ ಮೊದಲ ಬಾರಿಗೆ ಬಂದುವೆಂಬ ಸಾಮಾನ್ಯ ಗ್ರಹಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹಲಸೂರಿನ ಸೋಮೇಶ್ವರ ದೇವಾಲಯವೂ ದಂಡಿಗಿಂತ ಬಹು ಹಳೆಯದು.

1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡನು ಕಟ್ಟಿದನೆನ್ನಲಾದ ಪೇಟೆ ಈ ಪ್ರದೇಶದ ಪಶ್ಚಿಮಕ್ಕಿದೆ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳು ಕೂಡುವೆಡೆಯಲ್ಲಿ ನೇಗಿಲು ಹೂಡಿ, ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೊಡೆದು, ಅವು ಎಳೆದ ಗೆರೆಗಳನ್ನೇ ಬೀದಿಗಳನ್ನಾಗಿ ಮಾಡಲಾಯಿತೆಂಬುದು ಐತಿಹ್ಯ. ಇದು ನಡೆದ ಘಟನೆಯೇ ಅಲ್ಲವೇ ಎಂಬುದಕ್ಕಿಂತ, ವರ್ತಕರ ಪಟ್ಟಣವೊಂದರ ಹುಟ್ಟನ್ನು ಜನ ಉಳುಮೆಯ ಭಾಷೆಯಲ್ಲಿ ನೆನೆದಿದ್ದಾರೆಂಬುದು ಗಮನಾರ್ಹ. ಪೇಟೆ ಬದುಕಬೇಕಾದರೆ ನೀರು ಬೇಕು, ಸೊಪ್ಪು ತರಕಾರಿ ಬೇಕು, ದೇವರ ಪೂಜೆಗೆ ಹೂವು ಬೇಕು. ಧರ್ಮಾಂಬುಧಿ, ಕೆಂಪಾಂಬುಧಿ ಮತ್ತು ಸಂಪಂಗಿ ಕೆರೆಗಳು ಈ ಅಗತ್ಯದಿಂದ ಹುಟ್ಟಿದವು. ಇವುಗಳನ್ನು ಕಟ್ಟಿಸಿದ ಕೀರ್ತಿಯನ್ನು ಪರಂಪರೆ ಕೆಂಪೇಗೌಡರಿಗೆ ಸಲ್ಲಿಸುತ್ತದೆ.

ಕೋಟೆಯ ಹೆಬ್ಬಾಗಿಲು ನಿಲ್ಲದೆ ಕುಸಿಯುತ್ತಿದ್ದಾಗ ಕೆಂಪೇಗೌಡನ ಗರ್ಭಿಣಿ ಸೊಸೆ ಲಕ್ಷ್ಮೀದೇವಿ ತನ್ನನ್ನು ಬಲಿಕೊಟ್ಟುಕೊಂಡಳೆಂಬ ಕಥೆ ಬೆಂಗಳೂರಿನಲ್ಲಿ ಮನೆಮಾತಾಗಿದೆ. ಕೋರಮಂಗಲದಲ್ಲಿ ಅವಳ ಸಮಾಧಿಯೆಂದು ಗುರುತಿಸುವ ಸ್ಥಳವಿದೆ. ನೀರು ಕಾಣದ ಕೆರೆಗೆ ಕಿರಿಸೊಸೆ ಭಾಗೀರಥಿ ಆಹಾರವಾಗುವ ‘ಕೆರೆಗೆ ಹಾರ’ ಕಥನಗೀತೆಯ ಆಶಯವನ್ನೇ ಇದೂ ಹೊಂದಿದೆ. ಒಂದರಲ್ಲಿ ಕೋಟೆ, ಇನ್ನೊಂದರಲ್ಲಿ ಕೆರೆ. ಎರಡರಲ್ಲಿಯೂ ಸಾರ್ವಜನಿಕ ನಿರ್ಮಾಣವೊಂದು ನಿಲ್ಲಲು ಮನೆಯ ಹೆಣ್ಣಿನ ಜೀವ ಬೇಕಾಗುತ್ತದೆ. ಊರು ನಿಂತದ್ದು ಅರಸನ ಆಜ್ಞೆಯೊಂದರಿಂದಲೇ ಅಲ್ಲ, ಯಾರೋ ತೆತ್ತ ಬೆಲೆಯಿಂದ ಎಂಬ ತಿಳಿವಳಿಕೆ ಈ ಕಥೆಗಳ ಒಳಗಿದೆ. ಕರಗದ ಆಚರಣೆಯನ್ನು ಅರ್ಥೈಸುವಾಗಲೂ ಈ ತಿಳಿವಳಿಕೆ ನಮಗೆ ನೆರವಾಗುತ್ತದೆ.

3. ಸಂಪಂಗಿ ಕೆರೆ ಮತ್ತು ತೋಟಗಾರರು

ಸಂಪಂಗಿ ಕೆರೆ ಪೇಟೆಯ ಪೂರ್ವಕ್ಕೆ, ಮುಂದೆ ದಂಡು ನೆಲೆಗೊಂಡ ಭಾಗದ ಪಶ್ಚಿಮಕ್ಕೆ ಇತ್ತು. ಇಂದಿನ ಗುರುತುಗಳಲ್ಲಿ ಹೇಳುವುದಾದರೆ ಅದರ ಉತ್ತರಕ್ಕೆ ಕಬ್ಬನ್ ಉದ್ಯಾನ, ಪೂರ್ವಕ್ಕೆ ವಿಠಲ್ ಮಲ್ಯ ರಸ್ತೆ, ದಕ್ಷಿಣದ ಕಡೆಗೆ ಸಂಪಂಗಿರಾಮನಗರ. ಕೆರೆಯ ಹೆಸರಿನಲ್ಲಿ ಕನ್ನಡದ ಸಂಪಿಗೆ ಎಂಬ ರೂಪಕ್ಕೆ ಬದಲಾಗಿ ತಮಿಳು ಮತ್ತು ತೆಲುಗು ಬಳಕೆಗೆ ಹತ್ತಿರವಾದ ಸಂಪಂಗಿ ಎಂಬ ರೂಪವಿದೆ. ಕೆರೆಯ ಸುತ್ತ ದುಡಿದವರ ಮನೆಮಾತಿನ ಮಿಶ್ರಣವನ್ನು ಈ ಹೆಸರು ಉಳಿಸಿಕೊಂಡಿರುವಂತೆ ತೋರುತ್ತದೆ.

ಕೆರೆಯೆಂದರೆ ಕೇವಲ ನೀರಿನ ಹರವಲ್ಲ. ಏರಿ, ತೂಬು, ಕೋಡಿ, ಕಾಲುವೆ ಮತ್ತು ಅಚ್ಚುಕಟ್ಟುಗಳು ಸೇರಿದ ವ್ಯವಸ್ಥೆಯದು. ಅದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ಹೂಳು ತೆಗೆದು ಹೊಲಗಳಿಗೆ ಗೊಬ್ಬರವಾಗಿ ಸಾಗಿಸುವ ವಾಡಿಕೆಯಿತ್ತು. ಕೆರೆಯ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟುಕೊಟ್ಟ ದಾನಗಳು ಕರ್ನಾಟಕದ ಶಾಸನಗಳಲ್ಲಿ ನೂರಾರು ಸಿಗುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಗದ್ದೆಯ ಅಳತೆಯನ್ನು ಬಿತ್ತುವ ಬೀಜದ ಪ್ರಮಾಣದಿಂದ, ಕೊಳಗ ಖಂಡುಗಗಳಲ್ಲಿ, ಹೇಳುತ್ತಿದ್ದರು. ಇಂದು ಚದರಡಿಯ ಲೆಕ್ಕದಲ್ಲಿ ಮಾರಾಟವಾಗುವ ಈ ಭಾಗದ ನೆಲವನ್ನು ಒಂದು ಕಾಲಕ್ಕೆ ಅದು ಎಷ್ಟು ಬೀಜ ಹಿಡಿಯುತ್ತದೆಂಬುದರಿಂದ ಅಳೆಯುತ್ತಿದ್ದರು ಎಂಬುದನ್ನು ಚರಿತ್ರೆಕಾರರು ಮರೆಯಬಾರದು.

ಈ ತೋಟಗಳನ್ನು ಮಾಡಿದವರಲ್ಲಿ ತಿಗಳ ಸಮುದಾಯದವರು ಪ್ರಮುಖರು. ತಮಿಳು ನಾಡಿನ ಕಡೆಯಿಂದ ಬಂದವರೆಂದು ಹೇಳಲಾಗುವ ಇವರು ಹೂವು, ಹಣ್ಣು, ಸೊಪ್ಪು, ತರಕಾರಿಗಳ ಬೆಳೆಯಲ್ಲಿ ನುರಿತವರು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ತೋಟದ ಬೆಳವಣಿಗೆಯೊಂದಿಗೂ ಇವರ ಹೆಸರು ಸೇರಿಕೊಂಡಿದೆ. ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವ ಈ ಸಮುದಾಯ ಅಗ್ನಿಯಿಂದ ಹುಟ್ಟಿದ ದ್ರೌಪದಿಯನ್ನು ಆದಿಶಕ್ತಿಯಾಗಿ ಆರಾಧಿಸುತ್ತದೆ. ಅಗ್ನಿಮೂಲವನ್ನು ಹೇಳಿಕೊಳ್ಳುವ ಸಮುದಾಯವೊಂದರ ಬದುಕು ನೀರನ್ನು ಅವಲಂಬಿಸಿತ್ತು. ಅದರ ದೇವತೆ ಪ್ರತಿವರ್ಷ ನೀರಿನಿಂದಲೇ ಎದ್ದು ಬರುತ್ತಾಳೆ.

4. ದಂಡು: ಹೊಸ ಹೆಸರುಗಳ ಆಳ್ವಿಕೆ

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದ ಬ್ರಿಟಿಷ್ ಪಡೆ ಅಲ್ಲಿನ ಜ್ವರಕ್ಕೆ ತುತ್ತಾಗುತ್ತಿದ್ದುದರಿಂದ 1809ರಲ್ಲಿ ಬೆಂಗಳೂರಿಗೆ ಬಂದಿತು. ಪೇಟೆಯಿಂದ ದೂರವಿರುವಂತೆ ಹಲಸೂರಿನ ಬಳಿಯಲ್ಲಿ ನೆಲೆ ಆರಿಸಲಾಯಿತು. ಕನ್ನಡಿಗರು ಅದನ್ನು ದಂಡು ಎಂದು ಕರೆದರು. ಈ ಹೆಸರು ಇಂದಿಗೂ ಬೆಂಗಳೂರು ದಂಡು ರೈಲು ನಿಲ್ದಾಣದ ಹೆಸರಿನಲ್ಲಿ ಉಳಿದಿದೆ.

ದಂಡಿನಲ್ಲಿ ಬೀದಿಗಳಿಗೆ ಇಟ್ಟ ಹೆಸರುಗಳು ಸೈನ್ಯದ ರಚನೆಯನ್ನೇ ಅನುಸರಿಸಿದುವು. ಕವಾಯತು ಮೈದಾನದ ದಕ್ಷಿಣಕ್ಕಿದ್ದ ದಾರಿ ಸೌತ್ ಪೆರೇಡ್ ಆಯಿತು. ಅದಕ್ಕೆ 1948ರಲ್ಲಿ ಮಹಾತ್ಮಾ ಗಾಂಧಿಯವರ ಹೆಸರನ್ನು ಇಡಲಾಯಿತು. ಬ್ರಿಗೇಡ್, ಇನ್‌ಫೆಂಟ್ರಿ, ಕ್ಯಾವಲ್ರಿ, ರೆಸಿಡೆನ್ಸಿ ಎಂಬ ರಸ್ತೆಗಳು ಹುಟ್ಟಿಕೊಂಡವು. ಕಸ್ತೂರಬಾ ರಸ್ತೆ ಮೊದಲು ಸಿಡ್ನಿ ರಸ್ತೆಯಾಗಿತ್ತು, ವಿಠಲ್ ಮಲ್ಯ ರಸ್ತೆ ಗ್ರಾಂಟ್ ರಸ್ತೆಯಾಗಿತ್ತು. ಕೋಲಾರದ ಚಿನ್ನದ ಗಣಿಗಾರಿಕೆಗೆ ಮೊದಲ ಪರವಾನಗಿ ಪಡೆದವರ ಸಾಲಿನ ಲ್ಯಾವೆಲ್‌ನ ಹೆಸರು ಒಂದು ರಸ್ತೆಗೆ ಸಂದಿತು. ಪೇಟೆಯ ಸ್ಥಳನಾಮಗಳು ಅಕ್ಕಿ, ಅರಳೆ, ಬಳೆ, ಗಾಣಿಗ, ತಿಗಳ ಎಂದು ಸರಕನ್ನೂ ದುಡಿಮೆಯನ್ನೂ ಹೇಳಿದರೆ, ದಂಡಿನ ಹೆಸರುಗಳು ಅಧಿಕಾರವನ್ನು ಹೇಳುತ್ತವೆ. ಹೆಸರಿಡುವ ಈ ಎರಡು ಕ್ರಮಗಳ ಅಂತರವೇ ಎರಡು ನಗರಗಳ ಅಂತರವಾಗಿತ್ತು.

ಆದರೂ ಹಳೆಯ ಹೆಸರುಗಳು ಪೂರ್ತಿ ಸೋಲಲಿಲ್ಲ. ಬ್ರಿಗೇಡ್ ರಸ್ತೆಯ ದಕ್ಷಿಣದ ಶೂಲೆ ಎಂಬ ಹೆಸರು ಇಟ್ಟಿಗೆ ಗೂಡಿಗಿರುವ ತಮಿಳಿನ ಸೂಳೈ ಎಂಬ ಪದದಿಂದ ಬಂದುದು. ದಂಡಿನ ಬಂಗಲೆಗಳಿಗೆ ಇಟ್ಟಿಗೆ ಬೇಕಿತ್ತು. ಇಟ್ಟಿಗೆಗೆ ಕೆರೆಯಂಗಳದ ಮಣ್ಣು ಬೇಕಿತ್ತು. ಅದನ್ನು ಸುಡುವವರು ಬೇಕಿತ್ತು. ಬಂಗಲೆಯಲ್ಲಿದ್ದವರ ಹೆಸರು ರಸ್ತೆಗೆ ಸಂದರೆ, ಇಟ್ಟಿಗೆ ಸುಟ್ಟವರ ಕಸುಬು ಒಂದು ಬಡಾವಣೆಯ ಆಡುಹೆಸರಿನಲ್ಲಿ ಉಳಿಯಿತು. ಅದೇ ರೀತಿ ಅಕ್ಕಿತಿಮ್ಮನಹಳ್ಳಿ, ನೀಲಸಂದ್ರ ಮುಂತಾದ ಹೆಸರುಗಳು ರಿಚ್ಮಂಡ್ ಟೌನ್, ಲ್ಯಾಂಗ್‌ಫರ್ಡ್ ಟೌನ್‌ಗಳ ನೆರೆಯಲ್ಲಿ ಹಳ್ಳಿಗಳಿದ್ದುದನ್ನು ಸಾರುತ್ತವೆ.

ಸೈನ್ಯದ ಜೊತೆಯಲ್ಲಿ ತಮಿಳು, ತೆಲುಗು, ಉರ್ದು ಮಾತನಾಡುವ ಸಾವಿರಾರು ಜನ ಕೂಲಿಗಳಾಗಿ, ಗುತ್ತಿಗೆದಾರರಾಗಿ, ಅಡುಗೆಯವರಾಗಿ, ವ್ಯಾಪಾರಿಗಳಾಗಿ ಬಂದು ನೆಲೆಸಿದರು. ತಮ್ಮ ದೈವಗಳನ್ನೂ ತಂದರು. ಇಂದಿನ ಶಿವಾಜಿನಗರದಲ್ಲಿ ಮುತ್ಯಾಲಮ್ಮನ ಗುಡಿಯೂ ಇದೆ, 1882ರಲ್ಲಿ ಇಂದಿನ ಕಟ್ಟಡದ ರೂಪ ಪಡೆದ ಸಂತ ಮೇರಿಯ ಇಗರ್ಜಿಯೂ ಇದೆ. ಸೆಪ್ಟೆಂಬರ್ 8ರ ಹಬ್ಬದಂದು ಸೀರೆಯುಟ್ಟ ಆರೋಗ್ಯಮಾತೆಯ ತೇರು ಅಲ್ಲಿನ ಬೀದಿಗಳಲ್ಲಿ ಸಾಗುವಾಗ ನೆರೆಯುವ ಜನ ಒಂದೇ ಧರ್ಮದವರಾಗಿರುವುದಿಲ್ಲ. ದಂಡಿನ ಜನಪದ ಬದುಕು ಹೀಗೆ ತನ್ನದೇ ಹಾದಿಯಲ್ಲಿ ಬೆಳೆಯಿತು.

1868ರಲ್ಲಿ ಅಠಾರ ಕಚೇರಿ ಪೂರ್ಣಗೊಂಡಿತು. 1870ರಲ್ಲಿ ಅದರ ಮುಂದಣ ನೆಲದಲ್ಲಿ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ ಉದ್ಯಾನ ಮೈದಳೆಯಿತು. ಮೊದಲಿಗೆ ಮೀಡ್ಸ್ ಪಾರ್ಕ್ ಎನಿಸಿಕೊಂಡಿದ್ದ ಅದು ಕಬ್ಬನ್ ಉದ್ಯಾನವಾಗಿ ಪ್ರಸಿದ್ಧವಾಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಪೇಟೆ ಅರಸರ ಆಡಳಿತಕ್ಕೆ ಬಂದಿತು; ದಂಡು 1947ರವರೆಗೂ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1949ರಲ್ಲಿ ಎರಡೂ ಪುರಸಭೆಗಳು ಒಂದಾಗಿ ಬೆಂಗಳೂರು ಕಾರ್ಪೊರೇಷನ್ ರೂಪುಗೊಂಡಿತು. ಈ ಇಡೀ ಅವಧಿಯಲ್ಲಿ ಉದ್ಯಾನವೂ ಸಂಪಂಗಿ ಕೆರೆಯೂ ಎರಡು ಆಡಳಿತಗಳ ನಡುವಣ ಅಂಚಿನಲ್ಲಿದ್ದುವು. ಒಬ್ಬರಿಗೆ ಅದು ತೋಟದ ನೀರು. ಇನ್ನೊಬ್ಬರಿಗೆ ಬಂಗಲೆಯ ಮುಂದಣ ನೋಟ, ಗಾಳಿ ಸೇವನೆಯ ಬಯಲು.

5. ಕೆರೆಯ ಸಾವು

ಕೆರೆಯೊಂದು ಒಂದೇ ದಿನದಲ್ಲಿ ಸಾಯುವುದಿಲ್ಲ. ಊರಿಗೆ ಅದರ ಅಗತ್ಯ ತಪ್ಪಿದಾಗ ಅದರ ಸಾವು ಆರಂಭವಾಗುತ್ತದೆ. ದಂಡಿನ ನೀರಿಗಾಗಿ 1882ರಲ್ಲಿ ಸ್ಯಾಂಕಿ ಕೆರೆಯನ್ನು ನಿರ್ಮಿಸಲಾಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಗಳ ಮೂಲಕ ಅರ್ಕಾವತಿಯ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, 1974ರಲ್ಲಿ ಸುಮಾರು 100 ಕಿಲೋಮೀಟರ್ ದೂರದ ಕಾವೇರಿ ಸೇರಿಕೊಂಡವು. ನೀರು ದೂರ ದೂರದಿಂದ ಬಂದಷ್ಟೂ ಹತ್ತಿರದ ಕೆರೆಗಳ ಬೆಲೆ ಇಳಿಯಿತು. ಅವುಗಳ ಅಂಗಳದ ಬೆಲೆ ಏರಿತು.

ಸಂಪಂಗಿ ಕೆರೆಯ ವಿಷಯದಲ್ಲಿ 2016ರ ಸಂಶೋಧನೆ 19ನೆಯ ಶತಮಾನದ ಕೊನೆಯಿಂದಲೇ ನಡೆದ ತಿಕ್ಕಾಟವನ್ನು ದಾಖಲಿಸುತ್ತದೆ. ಕೆರೆಯನ್ನು ನೆಚ್ಚಿದ್ದ ತೋಟಗಾರರ ಬೇಡಿಕೆಗಳು ಹಾಗೂ ಅದನ್ನು ವಿಹಾರ ಮತ್ತು ಕ್ರೀಡೆಗೆ ಬಯಸಿದ ಮೇಲ್ವರ್ಗದ ಬೇಡಿಕೆಗಳು ಎದುರುಬದುರಾದವು, ಗೆದ್ದದ್ದು ಎರಡನೆಯದು. 20ನೆಯ ಶತಮಾನದ ಮಧ್ಯದ ವೇಳೆಗೆ ಕೆರೆ ಬಹುಪಾಲು ಬತ್ತಿ ಬಯಲಾಗಿತ್ತು. ಆ ಬಯಲಿನಲ್ಲಿ ಎದ್ದ ಕಂಠೀರವ ಕ್ರೀಡಾಂಗಣ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾಯಿತು. ಅದರ ಕೂಗಳತೆಯಲ್ಲಿ, ವಿಠಲ್ ಮಲ್ಯ ರಸ್ತೆಯಲ್ಲಿ, 2008ರಲ್ಲಿ ಯುಬಿ ಸಿಟಿ ಎಂಬ ವೈಭವದ ಸಮುಚ್ಚಯ ತೆರೆದುಕೊಂಡಿತು. 2011ರ ಅಕ್ಟೋಬರ್ 20ರಂದು ಮಹಾತ್ಮಾ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಗೆ ನಮ್ಮ ಮೆಟ್ರೊ ಸಂಚಾರ ಆರಂಭವಾಯಿತು. ನಗರದ ಸಿರಿಯನ್ನು ತೋರಿಸಬೇಕಾದಾಗ ಇಂದು ಬಳಸುವ ಚಿತ್ರಗಳು ಬಹುಮಟ್ಟಿಗೆ ಈ ಸುತ್ತಿನವೇ.

ಸಂಪಂಗಿ ಒಂದೇ ಹೀಗಾದ ಕೆರೆಯಲ್ಲ. ಶೂಲೆಯ ಕೆರೆ ಅಶೋಕನಗರದ ಫುಟ್ಬಾಲ್ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು. ಪೇಟೆಯ ಪಶ್ಚಿಮದ ಧರ್ಮಾಂಬುಧಿ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಕೆರೆಯಂಗಳ ಸರ್ಕಾರಿ ನೆಲ; ಸಮತಟ್ಟಾದುದು; ಅದರ ಮೇಲೆ ಹಕ್ಕು ಸಾಧಿಸುವವರು ದುರ್ಬಲರು. ಆದುದರಿಂದ ಸಾರ್ವಜನಿಕ ಕಾಮಗಾರಿಗಳಿಗೆ ಅದು ಸುಲಭವಾಗಿ ಒದಗಿತು.

6. ಹಸಿ ಕರಗ: ಉಳಿದ ನೀರು

ಮೇಲಿನ ಪಟ್ಟಿಯಲ್ಲಿ ಒಂದು ವ್ಯತ್ಯಾಸವಿದೆ. ಶೂಲೆಯಲ್ಲಿಯೂ ಅಕ್ಕಿತಿಮ್ಮನಹಳ್ಳಿಯಲ್ಲಿಯೂ ಇಲ್ಲೊಂದು ಕೆರೆಯಿತ್ತೆಂದು ಹೇಳುವ ಗುರುತು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಸಂಪಂಗಿಯಲ್ಲಿ ಮಾತ್ರ ಕ್ರೀಡಾಂಗಣದ ಪಕ್ಕದಲ್ಲಿ ಚಿಕ್ಕ ಕೊಳವೊಂದನ್ನು ಉಳಿಸಲಾಗಿದೆ. ಇದನ್ನು ಉಳಿಸಿದ್ದು ಕುಡಿಯುವ ನೀರಿಗಾಗಿ ಅಲ್ಲ, ಬೇಸಾಯಕ್ಕಾಗಿ ಅಲ್ಲ, ಪರಿಸರದ ಕಾಳಜಿಯಿಂದಲೂ ಅಲ್ಲ. ಕರಗಕ್ಕೆ ನೀರು ಬೇಕೆಂಬ ಒಂದೇ ಕಾರಣದಿಂದ.

ಕರಗವೆಂದರೆ ಕುಂಭ. ಕೈಯಿಂದ ಮುಟ್ಟದೆ, ರುಂಡದ ಮೇಲೆ ಧರಿಸಿ, ಗತಿಸುವುದು ಎಂದು ಸಮುದಾಯದವರು ಈ ಪದದ ಮೂರು ಅಕ್ಷರಗಳನ್ನು ಬಿಡಿಸಿ ಹೇಳುತ್ತಾರೆ. ಭಾಷಾಶಾಸ್ತ್ರ ಇದನ್ನು ಒಪ್ಪದಿದ್ದರೂ ಆಚರಣೆಯ ನಿಯಮವನ್ನು ಈ ಜನಪದ ನಿಷ್ಪತ್ತಿ ಅಚ್ಚುಕಟ್ಟಾಗಿ ಹಿಡಿದಿಟ್ಟಿದೆ. ಐತಿಹ್ಯದ ಪ್ರಕಾರ ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟಾಗ ಹಿಂದುಳಿದ ದ್ರೌಪದಿಯನ್ನು ತಿಮಿರಾಸುರನು ಎದುರಿಸುತ್ತಾನೆ. ಆಕೆ ಶಕ್ತಿರೂಪ ತಾಳಿ ವೀರಕುಮಾರರನ್ನು ಸೃಷ್ಟಿಸುತ್ತಾಳೆ. ಅಸುರನ ವಧೆಯಾದ ಮೇಲೆ ತಮ್ಮನ್ನು ಬಿಟ್ಟುಹೋಗಬಾರದೆಂದು ಮಕ್ಕಳು ಬೇಡಿಕೊಂಡಾಗ ವರ್ಷಕ್ಕೆ ಮೂರು ದಿನ ಬಂದಿರುವುದಾಗಿ ಮಾತು ಕೊಡುತ್ತಾಳೆ. ಹಸಿ ಕರಗದಂದು ನೀರಿನ ಬಳಿ ಆಗುವುದು ಆ ಬರವು.

ಚೈತ್ರ ಶುದ್ಧ ಸಪ್ತಮಿಯ ಸುಮಾರಿಗೆ ಧ್ವಜಾರೋಹಣದೊಡನೆ ಉತ್ಸವ ತೊಡಗುತ್ತದೆ. ಹುಣ್ಣಿಮೆಗೆ ಮುನ್ನ ಹಸಿ ಕರಗ, ಹುಣ್ಣಿಮೆಯ ರಾತ್ರಿ ಹೂವಿನ ಕರಗ. ಹಸಿ ಕರಗದ ಮಡಕೆಯನ್ನು ಸಂಪಂಗಿ ಕೆರೆಯ ಮಣ್ಣಿನಿಂದಲೇ ರೂಪಿಸಬೇಕೆಂಬುದು ಸಂಪ್ರದಾಯ. ಕಬ್ಬನ್ ಉದ್ಯಾನದೊಳಗಿನ ಕರಗದ ಕುಂಟೆಯೂ ಈ ಜಲಸ್ಥಾನಗಳ ಸಾಲಿಗೆ ಸೇರುತ್ತದೆ. ಹೂವಿನ ಕರಗವನ್ನು ಮಲ್ಲಿಗೆಯಿಂದ ಗೋಪುರದಂತೆ ಅಲಂಕರಿಸುತ್ತಾರೆ. ಒಂದಕ್ಕೆ ಕೆರೆಯ ಮಣ್ಣು, ಇನ್ನೊಂದಕ್ಕೆ ತೋಟದ ಹೂವು. ಕೆರೆಯೂ ತೋಟವೂ ಸೇರಿದ ಹಳೆಯ ಬದುಕಿನ ಎರಡು ತುದಿಗಳನ್ನು ಈ ಎರಡು ಕರಗಗಳು ಹಿಡಿದುಕೊಂಡಿವೆ ಎಂದು ಹೇಳಬಹುದಾಗಿದೆ. ತೋಟ ಕಣ್ಮರೆಯಾದ ಮೇಲೆ ಮಲ್ಲಿಗೆಯನ್ನು ಮಾರುಕಟ್ಟೆಯಿಂದ ತರುವುದು ಸಾಧ್ಯ. ನಿರ್ದಿಷ್ಟ ಕೆರೆಯೊಂದರ ಮಣ್ಣನ್ನು ಬೇರೆಡೆಯಿಂದ ತಂದರೆ ಅದು ಆ ಕೆರೆಯ ಮಣ್ಣಾಗುವುದಿಲ್ಲ. ಆಚರಣೆ ಸ್ಥಳವನ್ನು ಬಿಟ್ಟುಕೊಡದಿರುವುದರ ಗುಟ್ಟು ಇಲ್ಲಿದೆ.

ಹುಣ್ಣಿಮೆಯ ನಡುರಾತ್ರಿಯ ನಂತರ ಹೊರಡುವ ಕರಗ ಪೇಟೆಯ ಬೀದಿಗಳಲ್ಲಿ ಸಂಚರಿಸಿ, ಗುಡಿಗಳಲ್ಲಿ ಪೂಜೆ ಸ್ವೀಕರಿಸಿ, ಅರಳೆಪೇಟೆಯ ಹಜ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ನೀಡಿ, ಬೆಳಗಿನ ಹೊತ್ತಿಗೆ ದೇವಾಲಯಕ್ಕೆ ಮರಳುತ್ತದೆ. 2022ರಲ್ಲಿ ದರ್ಗಾ ಭೇಟಿಯನ್ನು ನಿಲ್ಲಿಸಬೇಕೆಂಬ ಒತ್ತಾಯ ಕೇಳಿಬಂದಾಗ ಉತ್ಸವ ಸಮಿತಿಯವರು ಸಂಪ್ರದಾಯವನ್ನು ಬಿಡಲಿಲ್ಲ. ಅದಕ್ಕೆ ಹಿಂದಿನ 2020 ಮತ್ತು 2021ರಲ್ಲಿ ಕೋವಿಡ್ ನಿರ್ಬಂಧಗಳಿಂದಾಗಿ ಉತ್ಸವ ದೇವಾಲಯದ ಆವರಣಕ್ಕೆ ಸೀಮಿತವಾಗಬೇಕಾಯಿತು.

ಹೆಣ್ಣುಡುಗೆ ತೊಟ್ಟ ಪೂಜಾರಿಯ ಸುತ್ತ ಕತ್ತಿ ಹಿಡಿದ ವೀರಕುಮಾರರು ಸಾಗುವ ಈ ಮೆರವಣಿಗೆಯನ್ನು ಪತ್ರಿಕೆಗಳು ಸಾಮಾನ್ಯವಾಗಿ ಹುಣ್ಣಿಮೆಯ ರಾತ್ರಿಯ ವೈಭವವಾಗಿ ವರ್ಣಿಸುತ್ತವೆ. ಕ್ಷೇತ್ರಕಾರ್ಯದ ಅನುಭವದಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದಕ್ಕೆ ಮೊದಲಿನ ಹಸಿ ಕರಗ. ಅಲ್ಲಿ ಸೇರುವ ಜನ ಕಡಿಮೆ. ಹಿರಿಯರು ಕ್ರೀಡಾಂಗಣದ ಗೋಡೆಯತ್ತ ಕೈ ತೋರಿಸಿ ಏರಿ ಎಲ್ಲಿತ್ತು, ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ಕಿರಿಯರಿಗೆ ಹೇಳುತ್ತಾರೆ. ಹೇಳುವವರಲ್ಲಿ ಯಾರೂ ತುಂಬಿದ ಕೆರೆಯನ್ನು ಕಂಡವರಲ್ಲ. ಅವರಿಗೂ ಅವರ ಹಿರಿಯರು ಇದೇ ಜಾಗದಲ್ಲಿ ನಿಂತು ಹೇಳಿದ್ದು. ಕಂದಾಯ ಇಲಾಖೆ ಭೂಮಾಪನ ಮಾಡುವಂತೆ ಈ ಸಮುದಾಯವೂ ವರ್ಷಕ್ಕೊಮ್ಮೆ ತನ್ನ ಕೆರೆಯನ್ನು ಅಳೆದುಕೊಳ್ಳುತ್ತದೆ. ಅದರ ಸರಪಳಿ ಮಾತು, ಅದರ ಗಡಿಕಲ್ಲು ನಡಿಗೆ.

7. ಜನಪದ ನೆನಪಿನ ಮಿತಿಗಳು

ಜಾನಪದ ವಿದ್ವಾಂಸರು ತಾವು ಅಭ್ಯಸಿಸುವ ಆಚರಣೆಯನ್ನು ಆದರ್ಶೀಕರಿಸುವ ಅಪಾಯ ಯಾವಾಗಲೂ ಇರುತ್ತದೆ. ಆದುದರಿಂದ ಮೇಲಿನ ವಾದದ ಮಿತಿಗಳನ್ನೂ ಹೇಳಬೇಕು.

ಮೊದಲನೆಯದಾಗಿ, ಆಚರಣೆ ಉಳಿಸಿಕೊಂಡಿರುವುದು ಕೆರೆಯ ನೆನಪನ್ನೇ ಹೊರತು ಕೆರೆಯ ಮೇಲಿನ ಹಕ್ಕನ್ನಲ್ಲ. ಸಂಪಂಗಿಯ ಅಚ್ಚುಕಟ್ಟಿನಲ್ಲಿ ತೋಟ ಮಾಡುತ್ತಿದ್ದ ಕುಟುಂಬಗಳ ದುಡಿಮೆ ಈ ನೆಲದಿಂದ ಮರೆಯಾಯಿತು. ನಗರ ಅವರಿಗೆ ವರ್ಷಕ್ಕೊಮ್ಮೆ ದಾರಿ ಬಿಡುತ್ತದೆ. ಉಳಿದ ದಿನಗಳಲ್ಲಿ ಆ ದಾರಿಯ ಇಕ್ಕೆಲಗಳ ಸಂಪತ್ತಿನಲ್ಲಿ ಅವರಿಗೆ ಪಾಲಿಲ್ಲ. ಧಾರ್ಮಿಕ ಮನ್ನಣೆ ಸುಲಭವಾಗಿ ಸಿಕ್ಕಿದೆ; ದುಡಿಮೆಗೆ ಸಲ್ಲಬೇಕಾದ ಮನ್ನಣೆ ಹಾಗೆ ಸಿಕ್ಕಿಲ್ಲ.

ಎರಡನೆಯದಾಗಿ, ಜನಪದ ನೆನಪಿಗೂ ತನ್ನದೇ ಮರೆವುಗಳಿವೆ. ಕೆರೆ ತೋಡಿದವರು ಯಾರು? ಕಲ್ಲು ಮಣ್ಣಿನ ಕೆಲಸದಲ್ಲಿ ನುರಿತ ಭೋವಿಗಳಂತಹ ಸಮುದಾಯಗಳ ಹಾಗೂ ಅನೇಕ ಊರುಗಳಲ್ಲಿ ದಲಿತರೇ ನಿರ್ವಹಿಸುತ್ತಿದ್ದ ನೀರುಗಂಟಿಯ ಕಾಯಕದ ನೆನಪು ಕರಗದ ಕಥನದಲ್ಲಿ ಸ್ಥಾನ ಪಡೆದಿಲ್ಲ. ಉತ್ಸವದ ಕೇಂದ್ರದಲ್ಲಿ ಹೆಣ್ಣು ದೇವತೆಯಿದ್ದರೂ ಆಕೆಯನ್ನು ಹೊರುವವರೂ ಕಾಯುವವರೂ ಗಂಡಸರೇ. ಬೆಳಗಿನ ಜಾವ ಸೊಪ್ಪಿನ ಬುಟ್ಟಿ ಹೊತ್ತು ಪೇಟೆಗೂ ದಂಡಿಗೂ ಮಾರಲು ಹೋದ ಹೆಂಗಸರ ನಡಿಗೆಯನ್ನು ಯಾವ ಮೆರವಣಿಗೆಯೂ ನೆನೆಯುವುದಿಲ್ಲ. ಲಕ್ಷ್ಮೀದೇವಿಯ ಐತಿಹ್ಯ ಹೆಣ್ಣಿನ ಬಲಿಯನ್ನು ನೆನೆದಷ್ಟು ಹೆಣ್ಣಿನ ದುಡಿಮೆಯನ್ನು ನಮ್ಮ ಮೌಖಿಕ ಪರಂಪರೆ ನೆನೆದಿಲ್ಲ.

ಮೂರನೆಯದಾಗಿ, ಆಚರಣೆಯಿಲ್ಲದ ಕೆರೆಗಳ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಧರ್ಮಾಂಬುಧಿ ಅಳಿದರೂ ಅದರ ಬದಿಯಲ್ಲಿದ್ದ ಅಣ್ಣಮ್ಮ ಇಂದಿಗೂ ಪೂಜೆಗೊಳ್ಳುತ್ತಾಳೆ. ಅಲ್ಲಿ ದೇವತೆ ಉಳಿದಳು, ನೀರು ಉಳಿಯಲಿಲ್ಲ. ಸಂಪಂಗಿಯಲ್ಲಿ ದೇವತೆಯೇ ನೀರಿನಿಂದ ಬರಬೇಕಾದುದರಿಂದ ಒಂದಿಷ್ಟು ನೀರು ಉಳಿಯಿತು. ಶೂಲೆ, ಅಕ್ಕಿತಿಮ್ಮನಹಳ್ಳಿಗಳಲ್ಲಿ ಉಳಿದಿರುವುದು ಹೆಸರು ಮಾತ್ರ. ಆಚರಣೆಗೂ ನೀರಿಗೂ ಇರುವ ಸಂಬಂಧ ಎಷ್ಟು ಬಿಗಿಯಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಕೆರೆ ಬದುಕಿಕೊಂಡಿದೆಯೆಂದು ಈ ಉದಾಹರಣೆಗಳಿಂದ ತಿಳಿದುಬರುತ್ತದೆ.

8. ಉಪಸಂಹಾರ

ಒಟ್ಟಾರೆಯಾಗಿ, ಬೆಂಗಳೂರಿನ ಕೇಂದ್ರ ವಾಣಿಜ್ಯ ವಲಯದ ಚರಿತ್ರೆಯನ್ನು 1809ರಿಂದ ಆರಂಭಿಸುವ ಪರಿಪಾಠವನ್ನು ಬದಲಿಸಿಕೊಳ್ಳಬೇಕಾಗಿದೆ. ದಂಡು ಬರುವುದಕ್ಕೆ ಮುನ್ನ ಇಲ್ಲಿ ಊರುಗಳಿದ್ದುವು, ಕೆರೆಗಳಿದ್ದುವು, ತೋಟಗಳಿದ್ದುವು. ಪೇಟೆಗೆ ಅನ್ನವನ್ನೂ ಹೂವನ್ನೂ ಒದಗಿಸಿದ ಈ ನೆಲ ಸೈನ್ಯದ ನೆಲೆಯಾಗಿ, ಬಂಗಲೆಗಳ ಬಡಾವಣೆಯಾಗಿ, ಕೊನೆಗೆ ರಾಜ್ಯದ ಹಣದ ಕೇಂದ್ರಗಳಲ್ಲಿ ಒಂದಾಗಿ ಮಾರ್ಪಟ್ಟಿತು. ಈ ಪ್ರತಿ ಹಂತದಲ್ಲಿಯೂ ನೆಲದ ಬೆಲೆ ಏರಿತು. ನೆಲವನ್ನು ಹದಮಾಡಿದವರು ಹಿಂದೆ ಸರಿದರು. ಸರ್ಕಾರಿ ದಾಖಲೆಗಳು ಮೊದಲನೆಯದನ್ನು ಬರೆದಿಟ್ಟುವು. ಎರಡನೆಯದನ್ನು ತಿಳಿಯಲು ನಮಗೆ ಒಂದು ಸ್ಥಳನಾಮ, ಒಂದು ಐತಿಹ್ಯ, ಒಂದು ಮಡಕೆ ಮಣ್ಣು ಬೇಕಾಯಿತು.

ನಗರ ಜಾನಪದವನ್ನು ಹಳ್ಳಿಯಿಂದ ವಲಸೆ ಬಂದ ಪಳೆಯುಳಿಕೆಯೆಂದು ಕಾಣುವ ದೃಷ್ಟಿ ನಮ್ಮ ಅಧ್ಯಯನಗಳಲ್ಲಿ ಇನ್ನೂ ಪ್ರಬಲವಾಗಿದೆ. ಕರಗ ಆ ದೃಷ್ಟಿಯನ್ನು ಒಪ್ಪುವುದಿಲ್ಲ. ಅದು ನಗರಕ್ಕೆ ಹೊರಗಿನಿಂದ ಬಂದುದಲ್ಲ. ನಗರವೇ ಅದರ ಕೆರೆಯ ಮೇಲೆ ಬಂದು ಕುಳಿತಿದೆ. ಸಂಪಂಗಿ, ಶೂಲೆ, ಅಕ್ಕಿತಿಮ್ಮನಹಳ್ಳಿಗಳ ಕಂದಾಯ ದಾಖಲೆಗಳು, ನಕಾಶೆಗಳು ಹಾಗೂ ಅಲ್ಲಿನ ಹಿರಿಯರ ಮೌಖಿಕ ನಿರೂಪಣೆಗಳನ್ನು ಒಟ್ಟಿಗೆ ಸಂಗ್ರಹಿಸಿ ಪ್ರಕಟಿಸುವ ಕೆಲಸ ತುರ್ತಾಗಿ ಆಗಬೇಕು. ಕೆರೆಯ ಏರಿ ಎಲ್ಲಿತ್ತೆಂದು ಕೈ ತೋರಿಸಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.